ಮೆಟ್ಟಿಲ ಮೇಲೆ ತಲೆಗೆಷ್ಟು ಜಾಗ? ಮಾಡೆಲ್‌ನಲ್ಲೇ ಅಳೆದು ನೋಡುವ ಬಗೆ

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ಸೈಟಿನಲ್ಲಿ ‘ಹೆಡ್‌ರೂಮ್’ ಎಂದರೆ ಮೇಸ್ತ್ರಿಗೆ ನೆನಪಾಗುವುದು ತಾರಸಿಯಲ್ಲಿ ಮೆಟ್ಟಿಲು ಮುಗಿಯುವ ಕಡೆ ಕಟ್ಟುವ ಪುಟ್ಟ ಕೋಣೆ. ನಕ್ಷೆ ಬರೆಯುವವರ ಹೆಡ್‌ರೂಮ್ ಬೇರೆ. ಮೆಟ್ಟಿಲು ಹತ್ತುವವರ, ಇಳಿಯುವವರ ನೆತ್ತಿಯ ಮೇಲೆ ಬೀಮಿಗೋ ಸ್ಲ್ಯಾಬಿಗೋ ತಾಗದಂತೆ ಇರಬೇಕಾದ ಖಾಲಿ ಎತ್ತರ ಅದು. ಇಲ್ಲಿ ಅದನ್ನು ತಲೆಯೆತ್ತರ ಎಂದೇ ಕರೆಯೋಣ.

ಈ ತಪ್ಪು ಕಾಗದದ ಮೇಲೆ ಸುಲಭಕ್ಕೆ ಕಾಣುವುದಿಲ್ಲ. ಪ್ಲಾನ್‌ನಲ್ಲಿ ಮೆಟ್ಟಿಲು ಚೆನ್ನಾಗಿಯೇ ಕೂತಿರುತ್ತದೆ, ರೈಸರ್ (ಒಂದೊಂದು ಮೆಟ್ಟಿಲಿನ ಎತ್ತರ) ಲೆಕ್ಕ ಸರಿಯಿರುತ್ತದೆ, ಮೆಟ್ಟಿಲು ಹಾದುಹೋಗಲು ಮೇಲಿನ ಮಹಡಿಯ ಸ್ಲ್ಯಾಬಿನಲ್ಲಿ ಬಿಡುವ ಕಂಡಿಯೂ ಇರುತ್ತದೆ. ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆ ಕೊಟ್ಟ ಹಲಗೆ) ಬಿಚ್ಚಿದ ದಿನ ಯಾರೋ ಇಳಿಯುತ್ತಾ ಹಣೆ ಬಡಿಸಿಕೊಂಡಾಗಲೇ ಗೊತ್ತಾಗುವುದು. ಇಳಿಯುವಾಗ ಕಣ್ಣು ಕಾಲಿನ ಮೇಲಿರುವುದರಿಂದ ಪೆಟ್ಟು ಜೋರಾಗಿಯೇ ಬೀಳುತ್ತದೆ. ಆಮೇಲೆ ಬೀಮ್ ಒಡೆಯುವಂತಿಲ್ಲ, ಮೆಟ್ಟಿಲು ಸರಿಸುವಂತಿಲ್ಲ. ಕಂಪ್ಯೂಟರಿನ ತ್ರೀಡಿ ಮಾಡೆಲ್‌ನಲ್ಲಿ ಅರ್ಧ ಗಂಟೆಯಲ್ಲಿ ಹಿಡಿಯಬಹುದಾದ ತಪ್ಪನ್ನು ಆ ಮನೆಯವರು ಬದುಕಿಡೀ ತಲೆ ಬಗ್ಗಿಸಿ ಅನುಭವಿಸಬೇಕಾಗುತ್ತದೆ.

ಎಲ್ಲಿಂದ ಎಲ್ಲಿಗೆ ಅಳೆಯಬೇಕು

ಪ್ರತಿ ಮೆಟ್ಟಿಲಿನ ಮುಂಚೂಣಿಯ ಅಂಚಿಗೆ ನೋಸಿಂಗ್ ಎನ್ನುತ್ತಾರೆ. ಒಂದು ಸಾಲಿನ ಎಲ್ಲ ನೋಸಿಂಗ್‌ಗಳನ್ನು ಮುಟ್ಟಿಕೊಂಡು ಹೋಗುವ ಓರೆಗೆರೆಯೇ ಪಿಚ್ ಲೈನ್. ತಲೆಯೆತ್ತರವನ್ನು ಅಳೆಯುವುದು ಈ ಗೆರೆಯಿಂದ, ನೆಟ್ಟಗೆ ಮೇಲಕ್ಕೆ, ಅಲ್ಲಿ ಎದುರಾಗುವ ಅತಿ ತಗ್ಗಿನ ವಸ್ತುವಿನ ಕೆಳಮೈವರೆಗೆ. ಲ್ಯಾಂಡಿಂಗ್ ಮೇಲೆ ಅದರ ನೆಲದಿಂದಲೇ ಅಳೆದರಾಯಿತು. ಎಲ್ಲವೂ ಫಿನಿಶ್ ಆದ ಮೇಲಿನ ಅಳತೆ: ಕೆಳಗೆ ಗ್ರಾನೈಟ್ ಕೂತ ಮೇಲೆ, ಮೇಲೆ ಗಿಲಾವು ಆದ ಮೇಲೆ.

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಮೆಟ್ಟಿಲಿನ ಅಡಿಯ, ಲ್ಯಾಂಡಿಂಗ್ ಅಡಿಯ ಓಡಾಟದ ಜಾಗಕ್ಕೆ ಕನಿಷ್ಠ 2.2 ಮೀಟರ್ ಬೇಕು. ಮೆಟ್ಟಿಲ ಮೇಲಿನ ತಲೆಯೆತ್ತರಕ್ಕೂ ಇಲ್ಲಿ ಅದೇ ಅಂಕಿ ಹಿಡಿಯೋಣ. ಮನೆಗಳಲ್ಲಿ ರೈಸರ್ 190 ಮಿ.ಮೀ. ಮೀರಬಾರದು, ಟ್ರೆಡ್ (ಕಾಲಿಡುವ ಹಾಸು) 250 ಮಿ.ಮೀ.ಗಿಂತ ಕಡಿಮೆ ಇರಬಾರದು. ಬೆಂಗಳೂರಿನಲ್ಲಿ ಕೂತು ಹೊರದೇಶದ ಕೆಲಸ ಮಾಡುವ ಡ್ರಾಫ್ಟಿಂಗ್ ಕಚೇರಿಗಳು ಬಹಳ. ಅಮೆರಿಕದ ಮನೆಗಳ ಸಂಹಿತೆ ಕೇಳುವುದು 6 ಅಡಿ 8 ಇಂಚು, ಅಂದರೆ 2032 ಮಿ.ಮೀ. ಇಂಗ್ಲೆಂಡಿನ ನಿಯಮದಲ್ಲಿ 2 ಮೀಟರ್. ಅಟ್ಟವನ್ನು ಕೋಣೆಯಾಗಿ ಮಾರ್ಪಡಿಸುವಾಗ ಜಾಗ ಸಾಲದಿದ್ದರೆ ಮೆಟ್ಟಿಲಿನ ಅಗಲದ ನಡುವಿನಲ್ಲಿ 1.9, ಪಕ್ಕದಲ್ಲಿ 1.8 ಮೀಟರ್ ಸಾಕೆನ್ನುವ ವಿನಾಯಿತಿ ಇದೆ. ಟೆಂಪ್ಲೇಟ್ ಫೈಲ್ ಯಾವ ದೇಶದ್ದು ಎಂದು ನೋಡಿಕೊಳ್ಳದೆ ಅದರ ಅಂಕಿಯನ್ನು ನಂಬಿದರೆ ಇಲ್ಲಿಯ ಮನೆಗೆ 168 ಮಿ.ಮೀ. ಕೊರತೆ ಬೀಳುತ್ತದೆ.

ಪಿಚ್ ಲೈನ್ ಬಿಟ್ಟು ಟ್ರೆಡ್ ಮೇಲೆ ಟೇಪ್ ಇಟ್ಟು ಅಳೆಯುವುದು ತುಂಬ ಸಾಮಾನ್ಯವಾದ ತಪ್ಪು. ಟ್ರೆಡ್‌ನ ಹಿಂಭಾಗದಲ್ಲಿ ಪಿಚ್ ಲೈನ್ ಹೆಚ್ಚುಕಡಿಮೆ ಒಂದು ರೈಸರ್‌ನಷ್ಟು ಮೇಲಿರುತ್ತದೆ. ಹತ್ತುವವರು ಮುಂದಕ್ಕೆ ಬಾಗಿರುತ್ತಾರೆ, ಪಾದಕ್ಕಿಂತ ತಲೆ ಮುಂದಿರುತ್ತದೆ. ಆ ಒಂದು ರೈಸರ್ ಅಂತರ ಅವರ ತಲೆಗೆ ಸೇರಿದ್ದು.

ಒಂದು ಮನೆಯ ಲೆಕ್ಕ

30×40 ಸೈಟಿನ ಡ್ಯೂಪ್ಲೆಕ್ಸ್ ಮನೆ ಎಂದಿಟ್ಟುಕೊಳ್ಳಿ. ಫಿನಿಶ್ ನೆಲದಿಂದ ಫಿನಿಶ್ ನೆಲಕ್ಕೆ 3000 ಮಿ.ಮೀ. ಗೋಡೆಗೆ ಒತ್ತಿಕೊಂಡು ನೇರವಾಗಿ ಏರುವ ಒಂದೇ ಸಾಲು. 18 ರೈಸರ್, ತಲಾ 166.7, 17 ಟ್ರೆಡ್, ತಲಾ 250, ಒಟ್ಟು ಉದ್ದ 4250. ಮೇಲಿನ ಸ್ಲ್ಯಾಬ್ 125, ಅದರ ಮೇಲೆ ಮಸಾಲೆ ಮತ್ತು ಗ್ರಾನೈಟ್ ಸೇರಿ 50, ಕೆಳಗೆ ಗಿಲಾವು 10. ಕಂಡಿಯ ಅಂಚಿನಲ್ಲಿ, ಅಂದರೆ ಕೆಳಗಿನ ಮೊದಲ ಮೆಟ್ಟಿಲುಗಳ ನೆತ್ತಿಯ ಮೇಲೆ, ಸ್ಲ್ಯಾಬ್ ಸೇರಿ 450 ಆಳದ ಬೀಮ್.

ಮೇಲಿನ ಫಿನಿಶ್ ನೆಲದಿಂದ ಬೀಮಿನ ಗಿಲಾವಿನ ಕೆಳಮೈವರೆಗೆ 50 + 450 + 10 = 510 ಮಿ.ಮೀ. ಇದನ್ನು ಅಡ್ಡಿಯ ಆಳ ಎನ್ನೋಣ. ಈಗ ಮೆಟ್ಟಿಲಿನ ಮೇಲ್ತುದಿಯಲ್ಲಿ ನಿಂತು ಕೆಳಕ್ಕೆ ಲೆಕ್ಕ ಹಾಕಿ. ಮೇಲ್ತುದಿಯ ನೋಸಿಂಗ್‌ನಿಂದ ಬೀಮಿನ ಅಂಚಿಗೆ ಅಡ್ಡಕ್ಕೆ ಎಷ್ಟು ದೂರವೋ ಅದನ್ನು ರೈಸರ್‌ನಿಂದ ಗುಣಿಸಿ ಟ್ರೆಡ್‌ನಿಂದ ಭಾಗಿಸಿದರೆ, ಆ ಜಾಗದಲ್ಲಿ ಪಿಚ್ ಲೈನ್ ಮೇಲಿನ ನೆಲಕ್ಕಿಂತ ಎಷ್ಟು ಕೆಳಗಿದೆ ಎಂದು ಸಿಗುತ್ತದೆ. ಅದರಲ್ಲಿ ಅಡ್ಡಿಯ ಆಳ ಕಳೆದರೆ ಉಳಿಯುವುದೇ ತಲೆಯೆತ್ತರ.

ತಲೆಯೆತ್ತರ = ಕಂಡಿಯ ಉದ್ದ × ರೈಸರ್ ÷ ಟ್ರೆಡ್ − ಅಡ್ಡಿಯ ಆಳ

ಬೀಮಿನ ಅಂಚು ಮೊದಲ ರೈಸರ್‌ನಿಂದ ಒಂದು ಟ್ರೆಡ್ ಒಳಗಿದ್ದರೆ ಕಂಡಿಯ ಉದ್ದ 4000. 4000 × 166.7 ÷ 250 = 2667. ಅದರಲ್ಲಿ 510 ಕಳೆದರೆ 2157. ಬೇಕಾದದ್ದು 2200, ಕೊರತೆ 43 ಮಿ.ಮೀ. ಇದೇ ಮೆಟ್ಟಿಲನ್ನು ಟ್ರೆಡ್ ಮೇಲಿನಿಂದ ಅಳೆದವರಿಗೆ ಬೀಮಿನ ಕೆಳಗೆ 2323 ಸಿಕ್ಕಿರುತ್ತದೆ, ‘ಬೇಕಾದಷ್ಟಿದೆ’ ಎಂದು ಮುಂದೆ ಹೋಗಿರುತ್ತಾರೆ.

ಸೂತ್ರವನ್ನು ತಿರುಗಿಸಿದರೆ ಬೇಕಾದ ಕಂಡಿಯ ಉದ್ದ ಸಿಗುತ್ತದೆ: (2200 + 510) × 250 ÷ 166.7 = 4065 ಮಿ.ಮೀ. ಅಂಚಿನಲ್ಲಿ ಬೀಮ್ ಇಲ್ಲದೆ ಬರೀ ಸ್ಲ್ಯಾಬ್ ಇದ್ದರೆ ಅಡ್ಡಿಯ ಆಳ 185ಕ್ಕೆ ಇಳಿದು, ಕಂಡಿ 3578 ಇದ್ದರೆ ಸಾಕು. ಒಂದು ಬೀಮ್ ಮೇಲಿನ ಮಹಡಿಯ ನೆಲದಿಂದ ಅರ್ಧ ಮೀಟರ್‌ನಷ್ಟು ಜಾಗ ತಿಂದುಹಾಕುತ್ತದೆ. ಇನ್ನೊಂದು ರೀತಿ ಹೇಳುವುದಾದರೆ, ಈ ಇಳಿಜಾರಿನಲ್ಲಿ ಎತ್ತರದಲ್ಲಿ 10 ಮಿ.ಮೀ. ಕಳೆದುಕೊಂಡರೆ ಕಂಡಿಯ ಅಂಚು 15 ಮಿ.ಮೀ. ಹಿಂದೆ ಸರಿಯಬೇಕು.

ಸೂತ್ರದಲ್ಲಿ ಮಹಡಿಯ ಎತ್ತರ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ‘ತಲೆ ತಾಗುತ್ತಿದೆಯಾ, ಮೋಲ್ಡನ್ನು ಅರ್ಧ ಅಡಿ ಎತ್ತರಿಸೋಣ’ ಎಂದು ಹೇಳುವವರಿದ್ದಾರೆ. ಎತ್ತರಿಸಿ, ಕೆಳಗೆ ಇನ್ನೊಂದು ಮೆಟ್ಟಿಲು ಸೇರಿಸಿದರೆ ಬೀಮ್ 167 ಮೇಲೆ ಹೋಗುತ್ತದೆ, ಅದರ ಕೆಳಗಿನ ಮೆಟ್ಟಿಲೂ 167 ಮೇಲೆ ಹೋಗುತ್ತದೆ. ತಲೆಯೆತ್ತರ ಅದೇ 2157. ಖರ್ಚು ಮಾತ್ರ ಹೆಚ್ಚು.

ಮಾಡೆಲ್‌ನಲ್ಲಿ ಒಂದು ‘ಗಾಳಿಯ ತುಂಡು’

ಸೂತ್ರ ನೇರ ಸಾಲಿಗೆ ಸಾಕು. ಆದರೆ ನಿಜವಾದ ಮನೆಯಲ್ಲಿ ಎರಡು ಸಾಲಿನ ಮೆಟ್ಟಿಲು, ನಡುವೆ ಲ್ಯಾಂಡಿಂಗ್ ಬೀಮ್, ಪಕ್ಕದಲ್ಲಿ ಲಿಂಟೆಲ್, ಸಜ್ಜಾ, ಆಮೇಲೆ ಬರುವ ಫಾಲ್ಸ್ ಸೀಲಿಂಗ್ ಎಲ್ಲ ಇರುತ್ತವೆ. ಒಂದೊಂದೇ ಕಡೆ ಅಳೆಯುತ್ತ ಕೂತರೆ ಒಂದು ಕಡೆ ತಪ್ಪಿಯೇ ತಪ್ಪುತ್ತದೆ. ಅದಕ್ಕೆ ಜನ ನಡೆಯುವ ಖಾಲಿ ಜಾಗವನ್ನೇ ಒಂದು ಘನವಸ್ತುವಾಗಿ ಮಾಡೆಲ್ ಮಾಡಿ, ಅದಕ್ಕೆ ಏನಾದರೂ ಚುಚ್ಚಿಕೊಳ್ಳುತ್ತದೆಯೇ ಎಂದು ನೋಡುವುದು ಒಳ್ಳೆಯ ದಾರಿ.

ನಮ್ಮ ಉದಾಹರಣೆಗೆ ಅದರ ಪಕ್ಕನೋಟ ಹೀಗೆ. ಮೊದಲ ರೈಸರ್ ಇರುವ ಜಾಗ ಸೊನ್ನೆ, ಕೆಳಗಿನ ಫಿನಿಶ್ ನೆಲ ಸೊನ್ನೆ. ಮೆಟ್ಟಿಲಿಗೆ 900 ಹಿಂದಿನಿಂದ ನೆಲದ ಮೇಲೆ ಶುರು ಮಾಡಿ, 250 ಹಿಂದಿನ ಬಿಂದುವರೆಗೆ ಮಟ್ಟಸ ಬನ್ನಿ. ಪಿಚ್ ಲೈನನ್ನು ಕೆಳಕ್ಕೆ ಎಳೆದರೆ ನೆಲ ಮುಟ್ಟುವುದು ಅಲ್ಲಿಯೇ. ಅಲ್ಲಿಂದ ಓರೆಯಾಗಿ, ಸೊನ್ನೆಯ ಜಾಗದಲ್ಲಿ 167 ಎತ್ತರವನ್ನು ಹಾದು, 4250ರಲ್ಲಿ 3000ಕ್ಕೆ ತಲುಪಿ, ಮೇಲಿನ ಮಹಡಿಯಲ್ಲಿ ಮತ್ತೆ 900 ಮಟ್ಟಸ. ಈ ಗೆರೆಯನ್ನು ಹಾಗೇ 2200 ಮೇಲಕ್ಕೆ ಕಾಪಿ ಮಾಡಿ, ಎರಡು ತುದಿ ಮುಚ್ಚಿ, ಮೆಟ್ಟಿಲಿನ ಅಗಲಕ್ಕೆ ಎಕ್ಸ್‌ಟ್ರೂಡ್ ಮಾಡಿ, ಅಂದರೆ ಎಳೆದು ಘನವಾಗಿಸಿ.

ಇಲ್ಲಿ ಆಫ್‌ಸೆಟ್ ಕಮಾಂಡ್ ಬಳಸಬೇಡಿ. ಆಫ್‌ಸೆಟ್ ಓರೆಗೆರೆಗೆ ಲಂಬವಾಗಿ ದೂರ ಹಿಡಿಯುತ್ತದೆ, ನಮಗೆ ಬೇಕಾದದ್ದು ನೆಲಕ್ಕೆ ಲಂಬ. ಈ 33.7 ಡಿಗ್ರಿ ಇಳಿಜಾರಿನಲ್ಲಿ 2200 ಆಫ್‌ಸೆಟ್ ಕೊಟ್ಟರೆ ನೆಟ್ಟಗಿನ ಎತ್ತರ 2644 ಆಗಿ, ಸರಿಯಿರುವ ಬೀಮೂ ತಪ್ಪೆಂದು ತೋರುತ್ತದೆ. ಓರೆ ಅಳತೆಯ ಡೈಮೆನ್ಷನ್ ಹಾಕಿದರೆ ಉಲ್ಟಾ: ನಿಜವಾದ 2200 ಇದ್ದರೂ 1831 ಎಂದು ಓದುತ್ತದೆ. ಆರ್ಥೋ (ಗೆರೆಯನ್ನು ನೇರ ಅಡ್ಡಕ್ಕೆ ಇಲ್ಲವೇ ನೆಟ್ಟಗೆ ಹಿಡಿದಿಡುವ ಸೌಲಭ್ಯ) ಹಾಕಿ, ನೇರ ಮೇಲಕ್ಕೆ ಕಾಪಿ ಮಾಡುವುದೇ ಸರಿ.

ಇನ್ನೆರಡು ಸಣ್ಣ ಜಾಗ್ರತೆ. ಘನದ ತಳವನ್ನು ಪಿಚ್ ಲೈನ್‌ಗಿಂತ 20 ಮಿ.ಮೀ. ಮೇಲಕ್ಕೆತ್ತಿ, ತಲೆಯನ್ನು 2200ರಲ್ಲೇ ಬಿಡಿ. ಇಲ್ಲದಿದ್ದರೆ ಅದು ತನ್ನದೇ ಮೆಟ್ಟಿಲಿನ ನೋಸಿಂಗ್‌ಗೆ ತಾಗಿ ಹದಿನೆಂಟು ಸುಳ್ಳು ತಪ್ಪು ಪಟ್ಟಿಯಾಗುತ್ತವೆ. ಪಕ್ಕದ ಗೋಡೆಗಳ ಕಡೆಯೂ 10 ಮಿ.ಮೀ. ಒಳಗೆ ತನ್ನಿ.

ಯಾವ ಸಾಫ್ಟ್‌ವೇರ್‌ನಲ್ಲಿ ಹೇಗೆ

ರೆವಿಟ್‌ನಲ್ಲಿ ಮೆಟ್ಟಿಲಿನ ಟೈಪ್ ಪ್ರಾಪರ್ಟಿಯಲ್ಲಿ ಗರಿಷ್ಠ ರೈಸರ್, ಕನಿಷ್ಠ ಟ್ರೆಡ್, ಕನಿಷ್ಠ ಅಗಲ ಕೇಳುತ್ತದೆ, ಮೀರಿದರೆ ಎಚ್ಚರಿಸುತ್ತದೆ. ತಲೆಯೆತ್ತರ ಆ ಸಾಲಿನಲ್ಲಿಲ್ಲ. ಎಚ್ಚರಿಕೆ ಬರಲಿಲ್ಲ ಎಂದರೆ ಮೆಟ್ಟಿಲು ಸರಿಯಿದೆ ಎಂದು ಅರ್ಥವಲ್ಲ. ‘ಆರ್ಕಿಟೆಕ್ಚರ್’ ಟ್ಯಾಬಿನ ‘ಕಾಂಪೊನೆಂಟ್’ ಕೆಳಗೆ ‘ಮಾಡೆಲ್ ಇನ್-ಪ್ಲೇಸ್’ ಆರಿಸಿ, ‘ಜನರಿಕ್ ಮಾಡೆಲ್ಸ್’ ಕ್ಯಾಟಗರಿ ಕೊಡಿ. ಮೆಟ್ಟಿಲಿನ ಪಕ್ಕದ ಗೋಡೆಮುಖವನ್ನು ವರ್ಕ್ ಪ್ಲೇನ್ ಮಾಡಿಕೊಂಡು, ಸೆಕ್ಷನ್ ನೋಟದಲ್ಲಿ ಮೇಲಿನ ಆಕಾರ ಬರೆದು ಎಕ್ಸ್‌ಟ್ರೂಡ್ ಮಾಡಿ. ಅರೆಪಾರದರ್ಶಕ ಬಣ್ಣ ಕೊಟ್ಟು ಬೇರೆ ಸಬ್‌ಕ್ಯಾಟಗರಿಗೆ ಸೇರಿಸಿದರೆ ಪ್ರಿಂಟ್ ತೆಗೆಯುವಾಗ ಮರೆಮಾಡುವುದು ಸುಲಭ. ಆಮೇಲೆ ‘ಕೊಲಾಬೊರೇಟ್’ ಟ್ಯಾಬಿನ ‘ಇಂಟರ್ಫಿಯರೆನ್ಸ್ ಚೆಕ್’ ಓಡಿಸಿ: ಎಡಗಡೆ ಜನರಿಕ್ ಮಾಡೆಲ್ಸ್, ಬಲಗಡೆ ಫ್ಲೋರ್ಸ್, ಸ್ಟೇರ್ಸ್, ಸ್ಟ್ರಕ್ಚರಲ್ ಫ್ರೇಮಿಂಗ್, ಸೀಲಿಂಗ್ಸ್. ರೇಲಿಂಗ್ಸ್ ಬಿಡಿ, ಅದು ಆ ಜಾಗದಲ್ಲಿ ಇರಬೇಕಾದದ್ದೇ. ಪಟ್ಟಿಯಲ್ಲಿ ಒಂದು ಸಾಲನ್ನು ಆರಿಸಿ ‘ಶೋ’ ಒತ್ತಿದರೆ ಚುಚ್ಚಿದ ಬೀಮ್ ಬೆಳಗುತ್ತದೆ. ಈ ಪರೀಕ್ಷೆ ವಸ್ತುಗಳು ನಿಜಕ್ಕೂ ಒಂದರೊಳಗೊಂದು ಹೊಕ್ಕಿದ್ದರೆ ಮಾತ್ರ ಹೇಳುತ್ತದೆ, ಅಂತರ ಕಡಿಮೆಯಾಗಿದೆ ಎಂದು ಹೇಳುವುದಿಲ್ಲ. ಗಾಳಿಯ ತುಂಡು ಬೇಕಾಗುವುದು ಅದಕ್ಕೇ.

ನೇವಿಸ್‌ವರ್ಕ್ಸ್‌ನ ಕ್ಲಾಶ್ (ವಸ್ತುಗಳ ಡಿಕ್ಕಿ) ಹುಡುಕುವ ಕ್ಲಾಶ್ ಡಿಟೆಕ್ಟಿವ್‌ನಲ್ಲಿ ‘ಕ್ಲಿಯರೆನ್ಸ್’ ಎಂಬ ಬಗೆ ಇದೆ, ಅಂತರವನ್ನೂ ನೋಡುತ್ತದೆ. ಮೆಟ್ಟಿಲಿಗೆ 2200 ಕ್ಲಿಯರೆನ್ಸ್ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಅನ್ನಿಸಬಹುದು. ಆದರೆ ಅದು ಎಲ್ಲ ದಿಕ್ಕಿನಲ್ಲೂ ಅಳೆಯುತ್ತದೆ. ಪಕ್ಕದ ಗೋಡೆ, ಕಂಬಿ, ಪಕ್ಕದ ಕೋಣೆಯ ಬಾಗಿಲು ಎಲ್ಲವೂ ತಪ್ಪಿನ ಪಟ್ಟಿಗೆ ಬಂದು, ನಿಜವಾದ ಬೀಮ್ ನೂರರಲ್ಲೊಂದಾಗಿ ಮುಚ್ಚಿಹೋಗುತ್ತದೆ. ಇಲ್ಲಿಯೂ ಘನವನ್ನೇ ಕಳಿಸಿ ‘ಹಾರ್ಡ್’ ಪರೀಕ್ಷೆ ಮಾಡುವುದು ಮೇಲು.

ಆರ್ಕಿಕ್ಯಾಡ್ ಬಳಸುವವರಿಗೆ ಕೆಲಸ ಕಡಿಮೆ. 2017ರ 21ನೇ ಆವೃತ್ತಿಯಲ್ಲಿ ಬಂದ ಹೊಸ ಮೆಟ್ಟಿಲು ಟೂಲ್‌ನಲ್ಲಿ ತಲೆಯೆತ್ತರ ಮೆಟ್ಟಿಲಿನದೇ ಭಾಗ: ಎತ್ತರ ಕೊಟ್ಟರೆ ಘನವನ್ನು ಅದೇ ಬೆಳೆಸಿಕೊಳ್ಳುತ್ತದೆ, ಮೆಟ್ಟಿಲು ತಿದ್ದಿದಾಗ ಅದೂ ತಿದ್ದಿಕೊಳ್ಳುತ್ತದೆ. ರೆವಿಟ್‌ನ ಇನ್-ಪ್ಲೇಸ್ ಘನ ಹಾಗಲ್ಲ. ರೈಸರ್ ಒಂದು ಬದಲಾದರೂ ಅದು ಹಳೆಯ ಜಾಗದಲ್ಲೇ ನಿಂತಿರುತ್ತದೆ, ಕೈಯಾರೆ ತಿದ್ದಬೇಕು. ಹಳೆಯ ಘನದ ಮೇಲೆ ಹೊಸ ಮೆಟ್ಟಿಲನ್ನು ಪರೀಕ್ಷಿಸಿ ‘ಕ್ಲಾಶ್ ಇಲ್ಲ’ ಎಂದು ಬರೆದುಕೊಡುವುದು ಪರೀಕ್ಷೆ ಮಾಡದಿರುವುದಕ್ಕಿಂತ ಅಪಾಯ.

ಸ್ಕೆಚ್‌ಅಪ್‌ನಲ್ಲಿ ಘನವನ್ನು ಗ್ರೂಪ್ ಮಾಡಿ, ಎಂಟಿಟಿ ಇನ್ಫೋದಲ್ಲಿ ‘ಸಾಲಿಡ್’ ಎಂದು ತೋರುತ್ತದೆಯೇ ನೋಡಿ. ಬೀಮ್ ಗ್ರೂಪ್‌ನ ಒಂದು ನಕಲು ಇಟ್ಟುಕೊಂಡು ‘ಇಂಟರ್‌ಸೆಕ್ಟ್’ ಮಾಡಿದರೆ ಚುಚ್ಚಿದ ಭಾಗ ಮಾತ್ರ ಕೈಗೆ ಬರುತ್ತದೆ, ಅದರ ಎತ್ತರವೇ ಕೊರತೆ. ಆಟೋಕ್ಯಾಡ್‌ನ ತ್ರೀಡಿ ಸಾಲಿಡ್‌ಗಳಿಗೆ ‘ಇಂಟರ್‌ಫಿಯರ್’ ಕಮಾಂಡ್ ಇದೆ. ಬರೀ ಟೂಡಿ ಕೆಲಸವಾದರೆ ಸೆಕ್ಷನ್‌ನಲ್ಲಿ 2200 ಮೇಲೆ ಕಾಪಿ ಮಾಡಿದ ಚುಕ್ಕೆಗೆರೆಯನ್ನು ಅಳಿಸದೆ ಹಾಗೇ ಬಿಡಿ. ಮುಂದೆ ಬೀಮ್ ಆಳ ಬದಲಾದಾಗ ಯಾರ ಕಣ್ಣಿಗಾದರೂ ಬೀಳುತ್ತದೆ.

ಸಣ್ಣ ಸೈಟಿನಲ್ಲಿ ಲ್ಯಾಂಡಿಂಗ್ ಬದಲು ಮೂಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಮೂರು ಮೆಟ್ಟಿಲು ಹಾಕುತ್ತಾರಲ್ಲ, ಅಲ್ಲಿ ಪಿಚ್ ಲೈನ್ ಒಳಬದಿಯಲ್ಲಿ ಕಡಿದಾಗಿ, ಹೊರಬದಿಯಲ್ಲಿ ನಿಧಾನವಾಗಿ ಏರುತ್ತದೆ. ಒಂದೇ ಓರೆ ಘನ ಅಲ್ಲಿ ಕೂರುವುದಿಲ್ಲ. ಪ್ರತಿ ಟ್ರೆಡ್‌ನ ಆಕಾರವನ್ನೇ ಮೇಲಕ್ಕೆ ಎಕ್ಸ್‌ಟ್ರೂಡ್ ಮಾಡಿ, ಎತ್ತರ ಮಾತ್ರ 2200ಕ್ಕೆ ಒಂದು ರೈಸರ್ ಸೇರಿಸಿ ಕೊಡಿ. ಸ್ವಲ್ಪ ಹೆಚ್ಚೇ ಕಟ್ಟುನಿಟ್ಟಾಗುತ್ತದೆ, ಆದರೆ ಮೋಸ ಮಾಡುವುದಿಲ್ಲ.

ಕ್ಲಾಶ್ ಬರದಿದ್ದರೂ ತಲೆ ತಾಗುವುದೇಕೆ

ಸಾಫ್ಟ್‌ವೇರ್ ಇಲ್ಲದ ಬೀಮನ್ನು ಹಿಡಿಯಲಾರದು. ಆರ್ಕಿಟೆಕ್ಟ್ ಮಾಡೆಲ್‌ನಲ್ಲಿ ಸ್ಲ್ಯಾಬ್ ಮಾತ್ರ ಇದ್ದು, ಬೀಮ್‌ಗಳು ಸ್ಟ್ರಕ್ಚರಲ್ ಇಂಜಿನಿಯರ್ ಫೈಲ್‌ನಲ್ಲಿ ಉಳಿದಿರುವುದು ದಿನನಿತ್ಯದ ಸಂಗತಿ. ಆ ಫೈಲ್ ಲಿಂಕ್ ಮಾಡಿ, ಪರೀಕ್ಷೆಯ ಬಲಗಡೆ ಪಟ್ಟಿಯಲ್ಲಿ ಅದನ್ನು ಆರಿಸಬೇಕು. ಸ್ಟ್ರಕ್ಚರಲ್ ಡ್ರಾಯಿಂಗ್ ಇನ್ನೂ ಬಂದಿಲ್ಲವೇ? ಕಂಡಿಯ ಸುತ್ತ 450 ಆಳದ ತಾತ್ಕಾಲಿಕ ಬೀಮ್ ಹಾಕಿ ಪರೀಕ್ಷಿಸಿ, ಬಂದ ಮೇಲೆ ನಿಜದ್ದು ಹಾಕಿ.

ಎರಡನೆಯದು ನೆಲದ ದಪ್ಪ. ರೆವಿಟ್ ಲೆವೆಲ್ ಇಟ್ಟದ್ದು ಕಾಂಕ್ರೀಟಿನ ಮೇಲ್ಮೈಗೋ ಫಿನಿಶ್ ನೆಲಕ್ಕೋ ಎಂಬುದು ತಂಡದಲ್ಲಿ ಎಲ್ಲರಿಗೂ ಒಂದೇ ಆಗಿರಬೇಕು. ಎರಡೂ ಮಹಡಿಯಲ್ಲಿ 50 ಮಿ.ಮೀ. ಫಿನಿಶ್ ಇದ್ದರೆ ಮೆಟ್ಟಿಲಿನ ಒಟ್ಟು ಎತ್ತರ ಬದಲಾಗದು. ಆದರೆ ಕೆಳಗೆ ಗ್ರಾನೈಟ್, ಮೆಟ್ಟಿಲಿಗೆ ಬೇರೆ ದಪ್ಪ, ಮೇಲೆ ಮರದ ನೆಲಹಾಸು ಎಂದಾದಾಗ ಮೊದಲ ಮತ್ತು ಕೊನೆಯ ರೈಸರ್ ಬೇರೆಯಾಗುತ್ತವೆ, ತಲೆಯೆತ್ತರದಿಂದಲೂ ಅಷ್ಟು ಹೋಗುತ್ತದೆ.

ಮೂರನೆಯದು ಆಮೇಲೆ ಬರುವ ವಸ್ತುಗಳು: ಫಾಲ್ಸ್ ಸೀಲಿಂಗ್, ತೂಗುದೀಪ, ಅಪಾರ್ಟ್‌ಮೆಂಟ್ ಆದರೆ ಸ್ಪ್ರಿಂಕ್ಲರ್ ಪೈಪು. ಇವೆಲ್ಲವನ್ನೂ ಮೊದಲೇ ಊಹಿಸಲಾಗದು. ಅದಕ್ಕಾಗಿ, ಸೆಂಟ್ರಿಂಗ್‌ನಲ್ಲಿ ಬರುವ ಏರುಪೇರಿಗೂ ಸೇರಿಸಿ, ಘನವನ್ನು 2200ರ ಬದಲು 2250 ಎತ್ತರಕ್ಕೆ ಮಾಡುವುದು ಒಳ್ಳೆಯದು. 50 ಮಿ.ಮೀ. ಹೆಚ್ಚಿಗೆ ಬೇಕೆಂದರೆ ಕಂಡಿ 75 ಮಿ.ಮೀ. ಉದ್ದವಾಗಬೇಕು, ಅಷ್ಟೇ.

ಎರಡು ಸಾಲಿನ ಮೆಟ್ಟಿಲಿನಲ್ಲಿ ಒಂದು ಸಾಲಿನ ನೆತ್ತಿಯ ಮೇಲೆ ಮೇಲಿನ ಮಹಡಿಯ ಅದೇ ಸಾಲು ಬರುವುದರಿಂದ ಹೆದರುವಂಥದ್ದೇನಿಲ್ಲ: 3000ದಲ್ಲಿ ರೈಸರ್ 167, ಮೆಟ್ಟಿಲುಗಳನ್ನು ಹೊರುವ 150 ದಪ್ಪದ ಓರೆ ಸ್ಲ್ಯಾಬಿನ (ವೇಸ್ಟ್ ಸ್ಲ್ಯಾಬ್) ನೆಟ್ಟಗಿನ ದಪ್ಪ 180 ಕಳೆದರೂ 2650ರಷ್ಟು ಉಳಿಯುತ್ತದೆ, ಫಿನಿಶ್ ಕಳೆದರೂ ಸಾಕು. ಕೈಕೊಡುವುದು ಅರ್ಧದ ಲ್ಯಾಂಡಿಂಗ್. ಅದು 1500ರಲ್ಲಿದ್ದರೆ ಕೆಳಗೆ 1300ರ ಆಸುಪಾಸು ಮಾತ್ರ. ಇನ್ವರ್ಟರ್ ಇಡಬಹುದು, ಬಾಗಿಲು ಇಡುವಂತಿಲ್ಲ. ಅದರಡಿ ಹಾದುಹೋಗಲೇಬೇಕೆಂದರೆ ಲ್ಯಾಂಡಿಂಗ್ ಮೇಲ್ಮೈ ಸುಮಾರು 2420ಕ್ಕೆ ಏರಬೇಕು, ಲ್ಯಾಂಡಿಂಗ್ ಬೀಮ್ ಕೆಳಕ್ಕೆ ಇಳಿದಿದ್ದರೆ ಇನ್ನೂ ಮೇಲೆ.

ತಪ್ಪು ಸಿಕ್ಕ ಮೇಲೆ

ಕಂಡಿ ಉದ್ದ ಮಾಡುವುದು ಮೊದಲ ಆಯ್ಕೆ. ನಮ್ಮ ಮನೆಯಲ್ಲಿ ಬೀಮ್ 65 ಮಿ.ಮೀ. ಸರಿದರೆ 2200 ಸಿಗುತ್ತದೆ, 140 ಸರಿದರೆ 2250. ಮೇಲಿನ ಕೋಣೆಯ ಗೋಡೆ ಅದೇ ಬೀಮಿನ ಮೇಲೆ ಕೂತಿದ್ದರೆ ಇದು ಆಗದು. ಆಗ ಬೀಮನ್ನು ತಲೆಕೆಳಗು ಮಾಡಿ ಸ್ಲ್ಯಾಬಿನ ಮೇಲಕ್ಕೆ ಎತ್ತಬಹುದು. ಸ್ಲ್ಯಾಬ್ ಬೀಮಿನಿಂದ ನೇತಾಡುವ ಹಾಗಾಗುವುದರಿಂದ ಕಂಬಿಯ ಲೆಕ್ಕ ಬೇರೆ, ಇಂಜಿನಿಯರ್ ಒಪ್ಪದೆ ಮುಟ್ಟಬಾರದು.

ಮೇಲ್ತುದಿ ಕದಲದಂತಿದ್ದರೆ ಒಂದು ರೈಸರ್ ಕಡಿಮೆ ಮಾಡುವುದು ಆಶ್ಚರ್ಯವಾಗುವಷ್ಟು ಕೆಲಸ ಮಾಡುತ್ತದೆ. 17 ರೈಸರ್ ಎಂದರೆ ತಲಾ 176.5. ಕಂಡಿ ಅದೇ 4000. 4000 × 176.5 ÷ 250 = 2824, ಅದರಲ್ಲಿ 510 ಕಳೆದರೆ 2314. ರೈಸರ್ 10 ಮಿ.ಮೀ. ಏರಿದ್ದಕ್ಕೆ ತಲೆಯ ಮೇಲೆ 157 ಸಿಕ್ಕಿತು. ನಿಯಮದ 190ಕ್ಕಿಂತ ಕಡಿಮೆಯೇ ಇದೆ, ಆದರೆ ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಅವರನ್ನು ಕೇಳಿಯೇ ತೀರ್ಮಾನಿಸಬೇಕು. ಅವರಿಗಾಗಿ ಬೀಮ್ ಸರಿಸುವುದೇ ನ್ಯಾಯ.

ಮಾಡೆಲ್ ಸರಿಯಾದ ಮೇಲೆ ಸೆಕ್ಷನ್ ಹಾಳೆಯಲ್ಲಿ ತಲೆಯೆತ್ತರದ ಚುಕ್ಕೆಗೆರೆ ಮಾತ್ರ ಕೊಟ್ಟರೆ ಸೈಟಿನಲ್ಲಿ ಉಪಯೋಗವಿಲ್ಲ. ಸೆಂಟ್ರಿಂಗ್ ಹೊತ್ತಿಗೆ ಗ್ರಾನೈಟೂ ಇರುವುದಿಲ್ಲ, ಗಿಲಾವೂ ಇರುವುದಿಲ್ಲ. ಬಡಗಿಗೆ ಬೇಕಾದದ್ದು ಒರಟು ನೆಲದಿಂದ ಬೀಮಿನ ತಳಕ್ಕೆ ಎಷ್ಟು ಎಂಬ ಒಂದೇ ಅಂಕಿ. ನಮ್ಮ ಮನೆಯಲ್ಲಿ ಅದು 2550: ಫಿನಿಶ್ ನೆಲದಿಂದ ಬೀಮಿನ ಕಾಂಕ್ರೀಟ್ ತಳ 2500, ಕೆಳಗೆ ಇನ್ನೂ ಹಾಸದ 50. ಕೆಳಗೆ ನಿಂತು 12 ಮಿ.ಮೀ. ಪ್ಲೈವುಡ್‌ನ ಕೆಳಮೈಗೆ ಟೇಪ್ ಹಿಡಿದರೆ 2538 ಓದಬೇಕು. 2488 ಓದಿದರೆ ಯಾರೋ ನೆಲಹಾಸಿನ 50 ಮರೆತಿದ್ದಾರೆ, ಕಾಂಕ್ರೀಟ್ ಹಾಕುವ ಮೊದಲು ಜಾಕಿಗಳನ್ನು ಅಷ್ಟು ಏರಿಸಲು ಇನ್ನೂ ಸಮಯವಿದೆ.